ಬದಲಾವಣೆಯ ಖರ್ಚು ಯಾರ ತಲೆಗೆ?

2001ರ ಜೂನ್ ತಿಂಗಳಲ್ಲಿ ಕಾಂಪ್ಯಾಕ್ ಕಂಪನಿ ತನ್ನ ಆಲ್ಫಾ ಪ್ರೊಸೆಸರ್‌ಗೆ ಮಂಗಳ ಹಾಡಿತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ 1992ರಲ್ಲಿ ಹೊರತಂದಿದ್ದ ಆಲ್ಫಾ ಹುಟ್ಟಿನಿಂದಲೇ 64 ಬಿಟ್‌ನ ಪ್ರೊಸೆಸರ್. ಆ ದಶಕದ ಬಹುಕಾಲ ವೇಗದಲ್ಲಿ ಅದನ್ನು ಮೀರಿಸಿದವು ಕಡಿಮೆ. 1998ರಲ್ಲಿ ಡಿಜಿಟಲ್ ಕಂಪನಿಯನ್ನು ಕೊಂಡ ಕಾಂಪ್ಯಾಕ್, ಮೂರೇ ವರ್ಷದಲ್ಲಿ ಆಲ್ಫಾವನ್ನು ಕೈಬಿಟ್ಟು, ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಇಂಟೆಲ್‌ನ ಇಟಾನಿಯಂ ಕಡೆಗೆ ಹೊರಳಿತು. ಮುಂದೆ ಇಟಾನಿಯಂ ಕೂಡ ಸೋತಿತು. ಇವೆರಡೂ ತೆರವು ಮಾಡಿದ ಜಾಗದಲ್ಲಿ ಬಂದು ಕೂತದ್ದು 1978ರ 8086 ಚಿಪ್‌ನ ವಂಶಕ್ಕೆ ಸೇರಿದ, ವಿನ್ಯಾಸಕಾರರು ಹಳೆಯದು, ಒಡ್ಡೊಡ್ಡಾದದ್ದು ಎಂದು ಮೂಗು ಮುರಿಯುತ್ತಿದ್ದ ಎಕ್ಸ್86. ಸರ್ವರ್ ಚಿಪ್‌ಗಳ ಪೈಪೋಟಿಯನ್ನು ವೇಗದ ಓಟವೆಂದೇ ಬಣ್ಣಿಸುವುದು ರೂಢಿ. ಯಾವ ವರ್ಷ ಯಾರ ಚಿಪ್‌ನಲ್ಲಿ ಎಷ್ಟು ಕೋರ್, ಎಷ್ಟು ಗಿಗಾಹರ್ಟ್ಸ್ ಎಂಬ ಪಟ್ಟಿಯೇ ಇತಿಹಾಸವಾಗಿಬಿಡುತ್ತದೆ. ಆ ಪಟ್ಟಿಯಿಂದ ಆಲ್ಫಾದ ಸಾವನ್ನಾಗಲಿ ಎಕ್ಸ್86ರ ಬಾಳಿಕೆಯನ್ನಾಗಲಿ ವಿವರಿಸಲಾಗದು. ಈ ಮಾರುಕಟ್ಟೆಯಲ್ಲಿ ಸೋಲು ಗೆಲುವುಗಳನ್ನು ಮೊದಲು ನಿರ್ಧರಿಸಿದ್ದು ಒಂದು ಚಿಪ್‌ನಿಂದ ಇನ್ನೊಂದಕ್ಕೆ ಹೋಗಲು ತಗಲುವ ಖರ್ಚು, ಮತ್ತು ಆ ಖರ್ಚನ್ನು ಹೊರುವವರು ಯಾರು ಎಂಬ ಪ್ರಶ್ನೆ. ವೇಗ, ಬೆಲೆಗಳ ಮಾತು ಅದರ ನಂತರದ್ದು.

ಈ ಖರ್ಚು ಎಂಥದ್ದು? ಪ್ರತಿ ಪ್ರೊಸೆಸರ್‌ಗೂ ಅದಕ್ಕೆ ಅರ್ಥವಾಗುವ ಆದೇಶಗಳ ಒಂದು ಕಟ್ಟು ಇರುತ್ತದೆ. ಇನ್‌ಸ್ಟ್ರಕ್ಷನ್ ಸೆಟ್ ಎನ್ನುವುದು ಇದನ್ನೇ. ಒಂದು ಕಟ್ಟಿಗೆಂದು ಸಿದ್ಧಪಡಿಸಿದ ತಂತ್ರಾಂಶ ಇನ್ನೊಂದರ ಮೇಲೆ ನೇರವಾಗಿ ನಡೆಯದು. ಬ್ಯಾಂಕೊಂದು ಸರ್ವರ್‌ನ ಜಾತಿ ಬದಲಿಸಬೇಕಾದರೆ ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ಡ್ರೈವರ್‌ಗಳು, ವರ್ಷಗಟ್ಟಲೆ ಬರೆಸಿಕೊಂಡ ಸ್ವಂತ ಪ್ರೋಗ್ರಾಮ್‌ಗಳು ಎಲ್ಲವನ್ನೂ ಹೊಸದಾಗಿ ಕಂಪೈಲ್ ಮಾಡಿ, ಪರೀಕ್ಷಿಸಿ, ಲೆಕ್ಕ ತಾಳೆಯಾಗುತ್ತದೆಂದು ಖಚಿತಪಡಿಸಿಕೊಳ್ಳಬೇಕು. ಬಾಡಿಗೆ ಕಡಿಮೆಯೆಂದು ಮನೆ ಬದಲಿಸ ಹೊರಟವರು ಲಾರಿ ಖರ್ಚು, ಹೊಸ ಅಡ್ವಾನ್ಸು, ಮಕ್ಕಳ ಶಾಲೆಯ ದೂರ ಎಲ್ಲ ಲೆಕ್ಕ ಹಾಕಿ ಕೊನೆಗೆ ಇದ್ದಲ್ಲೇ ಉಳಿಯುವಂತೆ, ಬಹುತೇಕ ಗ್ರಾಹಕರು ಇದ್ದ ಚಿಪ್‌ನಲ್ಲೇ ಉಳಿಯುತ್ತಾರೆ. ಇದನ್ನು ಮೊದಲು ವ್ಯಾಪಾರದ ತತ್ವವನ್ನಾಗಿ ಮಾಡಿಕೊಂಡದ್ದು ಐಬಿಎಂ. 1964ರ ಏಪ್ರಿಲ್‌ನಲ್ಲಿ ಅದು ಘೋಷಿಸಿದ ಸಿಸ್ಟಮ್/360 ಒಂದೇ ಆದೇಶಗಳ ಕಟ್ಟನ್ನು ಸಣ್ಣ, ದೊಡ್ಡ ಯಂತ್ರಗಳ ಇಡೀ ಕುಟುಂಬಕ್ಕೆ ಕೊಟ್ಟಿತು. ಸಣ್ಣ ಯಂತ್ರಕ್ಕೆ ಬರೆದದ್ದು ದೊಡ್ಡದರಲ್ಲೂ ನಡೆಯುತ್ತಿತ್ತು. ಆ ಮಾತನ್ನು ಐಬಿಎಂ ಇಂದಿನವರೆಗೂ ಉಳಿಸಿಕೊಂಡು ಬಂದಿರುವುದರಿಂದಲೇ ಮೇನ್‌ಫ್ರೇಮ್ ಸತ್ತಿತು ಎಂಬ ಭವಿಷ್ಯವಾಣಿಗಳು ಮತ್ತೆ ಮತ್ತೆ ಹುಸಿಯಾದವು.

1990ರ ದಶಕದ ಆರಂಭದಲ್ಲಿ ಸರ್ವರ್ ಲೋಕ ಪಾಳೆಯಪಟ್ಟುಗಳಾಗಿ ಹಂಚಿಹೋಗಿತ್ತು. ಸನ್ ಮೈಕ್ರೋಸಿಸ್ಟಮ್ಸ್‌ಗೆ ಸ್ಪಾರ್ಕ್, ಎಚ್‌ಪಿಗೆ ಪಿಎ-ರಿಸ್ಕ್, ಐಬಿಎಂಗೆ ಪವರ್, ಡಿಜಿಟಲ್‌ಗೆ ಆಲ್ಫಾ, ಸಿಲಿಕಾನ್ ಗ್ರಾಫಿಕ್ಸ್‌ಗೆ ಮಿಪ್ಸ್. ಪ್ರತಿಯೊಂದರ ಮೇಲೂ ಅವರವರದೇ ಯುನಿಕ್ಸ್. ಒಮ್ಮೆ ಒಳಗೆ ಬಂದ ಗ್ರಾಹಕ ಹೊರಗೆ ಹೋಗುವುದು ಕಷ್ಟವಾದ್ದರಿಂದ ಈ ಕಂಪನಿಗಳು ಒಳ್ಳೆಯ ಲಾಭಕ್ಕೆ ಮಾರುತ್ತಿದ್ದವು. ಇಂಟೆಲ್ ಕೆಳಗಿನಿಂದ ಹತ್ತಿ ಬಂತು. ಕೋಟಿಗಟ್ಟಲೆ ಪಿಸಿಗಳಿಗೆ ಚಿಪ್ ಮಾರಿ ಬಂದ ಹಣ ಅದರ ಕಾರ್ಖಾನೆಗಳನ್ನು ಬೆಳೆಸಿತು. 1995ರ ಪೆಂಟಿಯಂ ಪ್ರೊ, 1998ರ ಜಿಯಾನ್ ಸಣ್ಣ ಸರ್ವರ್‌ಗಳನ್ನು ಆಕ್ರಮಿಸಿದವು. ವಿಂಡೋಸ್ ಎನ್‌ಟಿ, ಲಿನಕ್ಸ್ ಎರಡೂ ಆ ಚಿಪ್‌ಗಳ ಮೇಲೆ ಸರಾಗವಾಗಿ ನಡೆಯುತ್ತಿದ್ದವು. ಆದರೆ ಎಕ್ಸ್86ಕ್ಕೆ ಒಂದು ಮಿತಿಯಿತ್ತು. 32 ಬಿಟ್‌ನ ವಿಳಾಸದಲ್ಲಿ ಒಂದು ಪ್ರೋಗ್ರಾಮ್ ನೇರವಾಗಿ ಮುಟ್ಟಬಹುದಾದ ಮೆಮೊರಿ 4 ಗಿಗಾಬೈಟ್ ಮಾತ್ರ. ದೊಡ್ಡ ಡೇಟಾಬೇಸ್‌ಗಳಿಗೆ ಅದು ಸಾಲುತ್ತಿರಲಿಲ್ಲ. 64 ಬಿಟ್‌ಗೆ ಹೋಗಲೇಬೇಕಿತ್ತು. ಹೇಗೆ ಹೋಗುವುದು ಎಂಬುದಷ್ಟೇ ಪ್ರಶ್ನೆ.

ಇಂಟೆಲ್ ಆರಿಸಿಕೊಂಡದ್ದು ಹಳೆಯದನ್ನು ಬಿಟ್ಟು ಹೊಸದಾಗಿ ಕಟ್ಟುವ ದಾರಿ. 1994ರ ಜೂನ್‌ನಲ್ಲಿ ಅದು ಎಚ್‌ಪಿಯೊಂದಿಗೆ ಕೈಜೋಡಿಸಿತು. ಅವರ ವಿಚಾರ ಸ್ವಾರಸ್ಯದ್ದೇ ಆಗಿತ್ತು: ಯಾವ ಆದೇಶಗಳನ್ನು ಒಟ್ಟಿಗೆ ನಡೆಸಬಹುದೆಂದು ಚಿಪ್ ಕ್ಷಣಕ್ಷಣಕ್ಕೂ ಹುಡುಕುವ ಬದಲು ಕಂಪೈಲರ್ ಮೊದಲೇ ನಿರ್ಧರಿಸಿ ಬರೆದಿಡಲಿ. ಇಟಾನಿಯಂನ ಆದೇಶಗಳು 128 ಬಿಟ್‌ನ ಕಂತೆಗಳಲ್ಲಿ ಬರುತ್ತವೆ. ಒಂದೊಂದು ಕಂತೆಯಲ್ಲೂ 41 ಬಿಟ್‌ನ ಮೂರು ಆದೇಶಗಳು. ಉಳಿದ 5 ಬಿಟ್‌ಗಳು ಯಾವ ಆದೇಶ ಯಾವ ಘಟಕಕ್ಕೆ ಹೋಗಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಹೇಳುತ್ತವೆ. ಕಾಗದದ ಮೇಲೆ ಇದು ಚೊಕ್ಕ. ಆದರೆ ಬೇಕಾದ ಮಾಹಿತಿ ಮೆಮೊರಿಯಿಂದ ಯಾವಾಗ ಬಂದೀತು ಎಂಬುದು ಕಂಪೈಲರ್‌ಗೆ ಮುಂಚಿತವಾಗಿ ಗೊತ್ತಾಗುವುದಿಲ್ಲ. ವ್ಯಾಪಾರಿ ತಂತ್ರಾಂಶಗಳಲ್ಲಿ ಆ ಕಾಯುವಿಕೆಯೇ ಹೆಚ್ಚು. ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಿತ್ತು. ಹಳೆಯ ಎಕ್ಸ್86 ಪ್ರೋಗ್ರಾಮ್‌ಗಳು ಇಟಾನಿಯಂ ಮೇಲೆ ನಡೆಯುತ್ತಿದ್ದವಾದರೂ ಕುಂಟುತ್ತ ನಡೆಯುತ್ತಿದ್ದವು. ಹೊಸ ಚಿಪ್‌ನ ಸುಖ ಬೇಕಾದವರು ಎಲ್ಲವನ್ನೂ ಹೊಸದಾಗಿ ಸಿದ್ಧಪಡಿಸಿಕೊಳ್ಳಬೇಕಿತ್ತು. ಅಂದರೆ ಬದಲಾವಣೆಯ ಇಡೀ ಖರ್ಚನ್ನು ಇಂಟೆಲ್ ತನ್ನ ಗ್ರಾಹಕರ ಮೇಲೆ ಹೊರಿಸಿತ್ತು.

ಎಎಂಡಿಯ ದಾರಿ ತದ್ವಿರುದ್ಧ. ಐಬಿಎಂ ತನ್ನ ಮೊದಲ ಪಿಸಿಗೆ ಇಂಟೆಲ್ ಚಿಪ್ ಆರಿಸಿಕೊಂಡಾಗ ಅದನ್ನು ತಯಾರಿಸಲು ಎರಡನೆಯ ಕಂಪನಿಯೂ ಇರಬೇಕೆಂದು ಪಟ್ಟುಹಿಡಿದಿತ್ತು. 1982ರ ಒಪ್ಪಂದದ ಮೂಲಕ ಎಎಂಡಿ ಆ ಎರಡನೆಯ ಕಂಪನಿಯಾಯಿತು. ಮುಂದೆ ಎರಡರ ನಡುವೆ ವರ್ಷಗಟ್ಟಲೆ ಕೋರ್ಟು ವ್ಯಾಜ್ಯ ನಡೆದರೂ ಎಕ್ಸ್86 ಚಿಪ್ ಮಾಡುವ ಹಕ್ಕು ಅದರ ಕೈಯಲ್ಲಿ ಉಳಿಯಿತು. ಹೊಸ ಆದೇಶಗಳ ಕಟ್ಟನ್ನು ಲೋಕಕ್ಕೆ ಒಪ್ಪಿಸುವ ತಾಕತ್ತು ಅದಕ್ಕಿರಲಿಲ್ಲ. ಆದ್ದರಿಂದ 1999ರಲ್ಲಿ ಅದು ಮುಂದಿಟ್ಟದ್ದು ಇದ್ದ ಕಟ್ಟನ್ನೇ ಹಿಗ್ಗಿಸುವ ಉಪಾಯ. ಕೆಲವು ಆದೇಶಗಳ ಆರಂಭದಲ್ಲಿ ಒಂದೇ ಒಂದು ಬೈಟ್ ಸೇರಿಸಿದರೆ ಅದು 64 ಬಿಟ್‌ನ ಲೆಕ್ಕವಾಗುತ್ತಿತ್ತು. ಸಾಮಾನ್ಯ ಬಳಕೆಯ ರಿಜಿಸ್ಟರ್‌ಗಳು 8ರಿಂದ 16ಕ್ಕೆ ಏರಿದವು. ಹಳೆಯ 32 ಬಿಟ್ ಪ್ರೋಗ್ರಾಮ್‌ಗಳು ಒಂದಕ್ಷರವೂ ಬದಲಾಗದೆ ಪೂರ್ತಿ ವೇಗದಲ್ಲಿ ನಡೆಯುತ್ತಿದ್ದವು. 2003ರ ಏಪ್ರಿಲ್ 22ರಂದು ಆಪ್ಟೆರಾನ್ ಎಂಬ ಹೆಸರಿನಲ್ಲಿ ಈ ಚಿಪ್ ಮಾರುಕಟ್ಟೆಗೆ ಬಂದಾಗ ಲಿನಕ್ಸ್ ಅದಕ್ಕೆ ಆಗಲೇ ಸಿದ್ಧವಾಗಿತ್ತು. ಗ್ರಾಹಕ ಇವತ್ತು ಸರ್ವರ್ ಕೊಂಡು ಹಳೆಯದನ್ನೇ ನಡೆಸುತ್ತ, 64 ಬಿಟ್‌ಗೆ ತನಗೆ ಅನುಕೂಲವಾದಾಗ, ತನಗೆ ಬೇಕಾದಷ್ಟು ಮಾತ್ರ ಹೋಗಬಹುದಿತ್ತು. ಅದೇ ವರ್ಷ ಐಬಿಎಂ, ಸನ್ ಎರಡೂ ಆಪ್ಟೆರಾನ್‌ಗೆ ಒಲಿದವು. 2004ರ ಫೆಬ್ರವರಿಯಲ್ಲಿ ಇಟಾನಿಯಂನ ಸಹಜನಕ ಎಚ್‌ಪಿಯೇ ಆಪ್ಟೆರಾನ್ ಸರ್ವರ್‌ಗಳನ್ನು ಘೋಷಿಸಿತು. ಅದೇ ತಿಂಗಳು ಇಂಟೆಲ್, ಎಎಂಡಿ ರೂಪಿಸಿದ್ದ ಆದೇಶಗಳಿಗೆ ಹೊಂದುವ 64 ಬಿಟ್ ಜಿಯಾನ್ ತರುವುದಾಗಿ ಒಪ್ಪಿಕೊಂಡಿತು. ಯಜಮಾನ ತನ್ನ ಎರಡನೆಯ ತಯಾರಕನನ್ನು ಅನುಸರಿಸಬೇಕಾಗಿ ಬಂತು.

ಆಪ್ಟೆರಾನ್ ಗೆದ್ದದ್ದು ಹೊಂದಾಣಿಕೆಯಿಂದಲ್ಲ, ಒಳ್ಳೆಯ ಎಂಜಿನಿಯರಿಂಗ್‌ನಿಂದ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಮೆಮೊರಿ ನಿಯಂತ್ರಕವನ್ನು ಚಿಪ್‌ನ ಒಳಗೇ ತಂದದ್ದು, ಒಂದು ಪ್ರೊಸೆಸರ್ ಇನ್ನೊಂದರೊಡನೆ ನೇರವಾಗಿ ಮಾತಾಡಲು ಹೈಪರ್‌ಟ್ರಾನ್ಸ್‌ಪೋರ್ಟ್ ಕೊಂಡಿ ಇಟ್ಟದ್ದು, ಎಲ್ಲರೂ ಒಂದೇ ಬಸ್‌ಗೆ ಸರದಿ ಕಾಯುತ್ತಿದ್ದ ಜಿಯಾನ್‌ಗಿಂತ ದೊಡ್ಡ ಮುನ್ನಡೆ. ಆದರೆ ಇವೇ ಎರಡು ಗುಣಗಳು ಆಲ್ಫಾದ ಕೊನೆಯ ಪೀಳಿಗೆಯಾದ 21364ರಲ್ಲೂ ಇದ್ದವು. ಆಪ್ಟೆರಾನ್‌ಗೆ ಕೆಲವೇ ತಿಂಗಳ ಮೊದಲು, 2003ರ ಜನವರಿಯಲ್ಲಿ ಅದು ಹೊರಬಂತು. ಆಲ್ಫಾದ ವಿನ್ಯಾಸದಲ್ಲಿ ಪಳಗಿದ ಡಿರ್ಕ್ ಮೇಯರ್, ಜಿಮ್ ಕೆಲ್ಲರ್ ಅಂಥವರು ಎಎಂಡಿಗೆ ಬಂದಿದ್ದರು. ಒಂದೇ ಗರಡಿಯ ವಿದ್ಯೆ, ಹೆಚ್ಚುಕಡಿಮೆ ಒಂದೇ ಕಾಲ. ಒಂದು ಚಿಪ್ ಹುಟ್ಟುವಾಗಲೇ ಅನಾಥ. ಇನ್ನೊಂದು ಮೂರು ವರ್ಷದಲ್ಲಿ ಎಕ್ಸ್86 ಸರ್ವರ್ ಮಾರುಕಟ್ಟೆಯ ಸುಮಾರು ಕಾಲು ಪಾಲು ಗಳಿಸಿತು. ನಡುವಿನ ಮುಖ್ಯ ವ್ಯತ್ಯಾಸ, ಗ್ರಾಹಕನ ಹಳೆಯ ತಂತ್ರಾಂಶ ಅದರ ಮೇಲೆ ನಡೆಯುತ್ತಿತ್ತೇ ಇಲ್ಲವೇ ಎಂಬುದು.

ಇಟಾನಿಯಂ ಮಾತ್ರ ಹೇಳಿಕೊಳ್ಳುವಂತೆ ಸಾಯಲೂ ಇಲ್ಲ. ಅದರ ಮುಪ್ಪಿನ ಕಥೆ ಇದೇ ವಾದದ ಇನ್ನೊಂದು ಮುಖ. ತನ್ನ ಯುನಿಕ್ಸ್ ಆದ ಎಚ್‌ಪಿ-ಯುಎಕ್ಸ್‌ನ ಗ್ರಾಹಕರನ್ನೆಲ್ಲ ಇಟಾನಿಯಂಗೆ ಕರೆತಂದಿದ್ದ ಎಚ್‌ಪಿಗೆ ಈಗ ಹಿಂದಿರುಗುವ ದಾರಿ ಇರಲಿಲ್ಲ. ಒರಾಕಲ್ 2011ರಲ್ಲಿ ಇಟಾನಿಯಂಗೆ ತಂತ್ರಾಂಶ ಬರೆಯುವುದನ್ನು ನಿಲ್ಲಿಸುತ್ತೇನೆಂದಾಗ ಎಚ್‌ಪಿ ಕೋರ್ಟಿಗೆ ಹೋಯಿತು. ಆ ಮೊಕದ್ದಮೆಯ ಕಡತಗಳಿಂದ ಹೊರಬಿದ್ದ ಸಂಗತಿಯೆಂದರೆ, ಚಿಪ್ ತಯಾರಿಕೆ ನಿಲ್ಲಿಸದಿರಲು ಎಚ್‌ಪಿಯೇ ಇಂಟೆಲ್‌ಗೆ ಎರಡು ಒಪ್ಪಂದಗಳಲ್ಲಿ ಒಟ್ಟು ಸುಮಾರು 69 ಕೋಟಿ ಡಾಲರ್ ಕೊಡಲು ಒಪ್ಪಿತ್ತು. ಬೇರೆ ಕಡೆಗೆ ಹೋಗುವ ಖರ್ಚು ಎಷ್ಟಿದ್ದಿರಬೇಕೆಂದರೆ, ಹಿಂದುಳಿದ ಚಿಪ್ ಒಂದನ್ನು ಜೀವಂತವಿಡಲು ಕೊಳ್ಳುವವನೇ ಹಣ ಕಟ್ಟಿದ. ಕೊನೆಯ ಇಟಾನಿಯಂಗಳು ಕಾರ್ಖಾನೆಯಿಂದ ಹೊರಟದ್ದು 2021ರಲ್ಲಿ.

ಹಾಗಾದರೆ ಹೊಂದಾಣಿಕೆಯ ದಾರಿ ಹಿಡಿದ ಎಎಂಡಿ 2006ರ ನಂತರ ಯಾಕೆ ನೆಲಕಚ್ಚಿತು? ಇದು ಹೆಚ್ಚು ಗಟ್ಟಿಯಾದ ಆಕ್ಷೇಪ. ಘಟನೆಗಳು ಎಲ್ಲರಿಗೂ ಗೊತ್ತಿರುವಂಥವು. 2006ರಲ್ಲಿ ಇಂಟೆಲ್ ಹೊಸ ಕೋರ್ ವಿನ್ಯಾಸದ ಜಿಯಾನ್ ತಂದಿತು. ಎಎಂಡಿಯ ನಾಲ್ಕು ಕೋರ್‌ಗಳ ಬಾರ್ಸಿಲೋನಾ ತಡವಾಗಿ 2007ರ ಸೆಪ್ಟೆಂಬರ್‌ನಲ್ಲಿ ಬಂದು, ಒಳಗಿನ ದೋಷದಿಂದಾಗಿ ಪೂರೈಕೆಯೇ ನಿಂತಿತು. 2009ರ ನೆಹಾಲೆಮ್ ಪೀಳಿಗೆಯಲ್ಲಿ ಇಂಟೆಲ್ ಕೂಡ ಮೆಮೊರಿ ನಿಯಂತ್ರಕವನ್ನು ಚಿಪ್‌ನೊಳಗೆ ತಂದಿತು. 2011ರ ಬುಲ್‌ಡೋಜರ್ ವಿನ್ಯಾಸ ನಿರೀಕ್ಷೆ ಮುಟ್ಟಲಿಲ್ಲ. ದಶಕದ ನಡುವಿಗೆ ಸರ್ವರ್‌ಗಳಲ್ಲಿ ಎಎಂಡಿಯ ಪಾಲು ಶೇಕಡಾ ಒಂದರ ಆಸುಪಾಸಿಗೆ ಇಳಿದಿತ್ತು. ಕುಸಿತ ಇಷ್ಟು ವೇಗವಾಗಿ ಆದದ್ದಕ್ಕೆ ಕಾರಣ, ಅದನ್ನು ಏರಿಸಿದ್ದ ಅದೇ ಹೊಂದಾಣಿಕೆ. ಎರಡು ಕಂಪನಿಗಳ ನಡುವೆ ಪೇಟೆಂಟ್ ವಿನಿಮಯದ ಒಪ್ಪಂದ ಇದ್ದುದರಿಂದ 64 ಬಿಟ್ ಆದೇಶಗಳು ಎಎಂಡಿಯ ಸ್ವಂತ ಆಸ್ತಿಯಾಗಿ ಉಳಿಯಲಿಲ್ಲ. ಇಂಟೆಲ್ ಅದನ್ನು ಅಳವಡಿಸಿಕೊಂಡ ದಿನವೇ ಗ್ರಾಹಕನಿಗೆ ಹಿಂದಿರುಗುವ ಖರ್ಚೂ ಇಲ್ಲವಾಯಿತು. ಖರ್ಚಿಲ್ಲದೆ ಬಂದವರು ಖರ್ಚಿಲ್ಲದೆ ಹೋದರು. ಸನ್‌ನ ಸ್ಪಾರ್ಕ್, ಎಚ್‌ಪಿಯ ಇಟಾನಿಯಂ ಗ್ರಾಹಕರು ಕೆಟ್ಟ ವರ್ಷಗಳಲ್ಲೂ ಬಿಡದೆ ಉಳಿದರು. ಆಪ್ಟೆರಾನ್‌ನವರಿಗೆ ಉಳಿಯಬೇಕಾದ ನಿರ್ಬಂಧವಿರಲಿಲ್ಲ. ವೇಗದ ಲೆಕ್ಕ ನಿಜವಾಗಿ ಕೆಲಸ ಮಾಡುವುದು ಇಂಥ ಕಡೆ, ಬದಲಾವಣೆಯ ಖರ್ಚು ಸೊನ್ನೆಯಾದ ಜಾಗದಲ್ಲಿ.

ಎಎಂಡಿಯ ಸೋಲಿಗೆ ಇಂಟೆಲ್‌ನ ರಿಯಾಯಿತಿ ರಾಜಕಾರಣವೇ ಕಾರಣ ಎನ್ನುವವರೂ ಇದ್ದಾರೆ. 2005ರಲ್ಲಿ ಎಎಂಡಿ ಅಮೆರಿಕದ ಡೆಲವೇರ್‌ನಲ್ಲಿ ಮೊಕದ್ದಮೆ ಹೂಡಿತು. 2009ರಲ್ಲಿ ಯುರೋಪಿಯನ್ ಆಯೋಗ ಇಂಟೆಲ್‌ಗೆ 106 ಕೋಟಿ ಯೂರೋ ದಂಡ ಹಾಕಿತು. ಅದರ ಬಹುಭಾಗ ಮುಂದೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. 2009ರಲ್ಲೇ ಇಂಟೆಲ್ ಎಎಂಡಿಗೆ 125 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ದೊಡ್ಡ ತಯಾರಕರ ಪೈಕಿ ಡೆಲ್ 2006ರವರೆಗೂ ಎಎಂಡಿಯನ್ನು ಹತ್ತಿರ ಸೇರಿಸದಿದ್ದುದರ ಹಿಂದೆ ಹಣದ ಸೆಳೆತವಿತ್ತು ಎಂಬುದನ್ನು ತಳ್ಳಿಹಾಕಲಾಗದು. ಆದರೂ ಕಾಲಾನುಕ್ರಮ ನೋಡಿದರೆ ಈ ವಿವರಣೆ ಪೂರ್ತಿ ಕೂಡಿಬರುವುದಿಲ್ಲ. ರಿಯಾಯಿತಿಗಳ ಆರೋಪವಿರುವ ವರ್ಷಗಳಲ್ಲೇ ಎಎಂಡಿ ಸರ್ವರ್‌ಗಳಲ್ಲಿ ಏರಿತು. ರಾಜಿಯಾಗಿ ಹಾದಿ ಸುಗಮವಾದ ಮೇಲೂ ಇಳಿಯುತ್ತಲೇ ಹೋಯಿತು. ಹಣ ಏರಿಕೆಯನ್ನು ತಡಮಾಡಿರಬಹುದು, ಅಷ್ಟೊತ್ತಿಗೆ ಬರಬೇಕಾಗಿದ್ದ ಬಂಡವಾಳವನ್ನು ತಪ್ಪಿಸಿರಬಹುದು. ದಿಕ್ಕನ್ನು ಅದು ನಿರ್ಧರಿಸಲಿಲ್ಲ.

ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಇಂಟೆಲ್‌ನ ಬೆಂಗಳೂರು ಕೇಂದ್ರ ನಾಲ್ಕು ಕೋರ್‌ಗಳ ಜಿಯಾನ್ ಒಂದರ ವಿನ್ಯಾಸದಲ್ಲಿ ತೊಡಗಿತ್ತು; ಅದರ ಗುಪ್ತನಾಮ ವೈಟ್‌ಫೀಲ್ಡ್, ಊರಿನ ಪೂರ್ವದ ಬಡಾವಣೆಯದೇ ಹೆಸರು. ಹೊಸ ಸಂಪರ್ಕ ವ್ಯವಸ್ಥೆಯೊಂದಿಗೆ ಇಟಾನಿಯಂ, ಜಿಯಾನ್ ಎರಡೂ ಒಂದೇ ವೇದಿಕೆಯಲ್ಲಿ ಕೂರುವಂತೆ ಮಾಡುವ ಮಹತ್ವಾಕಾಂಕ್ಷೆ ಅದರ ಹಿಂದಿತ್ತು. 2005ರ ಅಕ್ಟೋಬರ್‌ನಲ್ಲಿ ಆ ಯೋಜನೆ ರದ್ದಾಯಿತು. ಬೆಂಗಳೂರಿನ ತಂಡದ ಮುಂದಿನ ದೊಡ್ಡ ಕೆಲಸ 2008ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಡನಿಂಗ್ಟನ್, ಅಂದರೆ ಜಿಯಾನ್ 7400: ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್. ಭಾರತದಲ್ಲಿ ವಿನ್ಯಾಸಗೊಂಡ ಮೊದಲ ಎಕ್ಸ್86 ಪ್ರೊಸೆಸರ್ ಎಂದು ಇಂಟೆಲ್ ಅದನ್ನು ಹೆಮ್ಮೆಯಿಂದ ಪರಿಚಯಿಸಿತು. ಅದು ಹಿಂದಿನ ಪೀಳಿಗೆಯ ಸಾಕೆಟ್‌ನಲ್ಲೇ ಕೂರುತ್ತಿತ್ತು. ಗ್ರಾಹಕ ಸರ್ವರ್ ಬದಲಿಸದೆ ಚಿಪ್ ಮಾತ್ರ ಬದಲಿಸಬಹುದಿತ್ತು. ಎಲ್ಲವನ್ನೂ ಹೊಸದಾಗಿಸುವ ಚಿಪ್ ನಕ್ಷೆಯಲ್ಲೇ ಉಳಿಯಿತು. ಇದ್ದದ್ದರೊಳಗೆ ಹೊಂದಿಕೊಂಡದ್ದು ಅಂಗಡಿ ತಲುಪಿತು.

2014ರ ಅಕ್ಟೋಬರ್‌ನಲ್ಲಿ ಲೀಸಾ ಸು ಎಎಂಡಿಯ ಮುಖ್ಯಸ್ಥೆಯಾದಾಗ ಕಂಪನಿ ಸಾಲದಲ್ಲಿತ್ತು. ಮುಂದಿನ ಚೇತರಿಕೆಯನ್ನು ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಯ ಗೆಲುವು ಎಂದು ವಿವರಿಸುವುದು ಈಗ ಸಾಮಾನ್ಯ. ಇಂಟೆಲ್ ತನ್ನ 10 ನ್ಯಾನೋಮೀಟರ್ ತಂತ್ರದಲ್ಲಿ ವರ್ಷಗಟ್ಟಲೆ ಎಡವಿ, ಆ ತಂತ್ರದ ಸರ್ವರ್ ಚಿಪ್ಪನ್ನು 2021ರ ಏಪ್ರಿಲ್‌ಗೆ ತಂದಿತು. ಎಎಂಡಿ 2019ರ ಆಗಸ್ಟ್‌ನಲ್ಲೇ ಟಿಎಸ್‌ಎಂಸಿಯ 7 ನ್ಯಾನೋಮೀಟರ್‌ನಲ್ಲಿ ಎಪಿಕ್ ಸರಣಿಯ ರೋಮ್ ತಂದಿತ್ತು. ರೋಮ್‌ನ ಕಟ್ಟಡವೂ ಜಾಣತನದ್ದು. ಒಂದೇ ದೊಡ್ಡ ಚಿಪ್‌ನ ಬದಲು ಎಂಟೆಂಟು ಕೋರ್‌ಗಳ ಎಂಟು ಪುಟ್ಟ ತುಂಡುಗಳು, ನಡುವೆ ಹಳೆಯ ಅಗ್ಗದ ತಂತ್ರದಲ್ಲಿ ಮಾಡಿದ ಒಂದು ಸಂಪರ್ಕ ತುಂಡು. ಪುಟ್ಟ ತುಂಡಿನಲ್ಲಿ ದೋಷ ಬಂದರೆ ಹಾಳಾಗುವುದು ಆ ಪುಟ್ಟ ತುಂಡು ಮಾತ್ರ. ಹೀಗಾಗಿ 64 ಕೋರ್‌ಗಳ ಚಿಪ್ಪನ್ನು ಎಎಂಡಿ 6,950 ಡಾಲರ್‌ಗೆ ಪಟ್ಟಿ ಮಾಡಿತು. ಅದೇ ವರ್ಷದ ಇಂಟೆಲ್‌ನ 28 ಕೋರ್‌ಗಳ ಜಿಯಾನ್ 8280ರ ಪಟ್ಟಿ ಬೆಲೆ 10,009 ಡಾಲರ್. ಎದುರಾಳಿ ಇಲ್ಲದ ವರ್ಷಗಳಲ್ಲಿ ಇಂಟೆಲ್‌ಗೆ ಬೆಲೆಯ ವಿಷಯದಲ್ಲಿ ಎಷ್ಟು ಸಲೀಸಾಗಿತ್ತೆಂದರೆ, 2017ರಲ್ಲಿ ಆಗಿನ ಜಿಯಾನ್ ಚಿಪ್‌ಗೆ ಹೆಚ್ಚು ಮೆಮೊರಿ ಜೋಡಿಸುವ ಅನುಮತಿಗೆ ಮಾತ್ರ 3,000 ಡಾಲರ್ ಮೇಲುದರ ಇಟ್ಟಿತ್ತು.

ವೇಗವೇ ಎಲ್ಲವನ್ನೂ ನಿರ್ಧರಿಸುವುದಾದರೆ ಇಷ್ಟು ಅಂತರದ ಮುಂದೆ ಮಾರುಕಟ್ಟೆ ಒಂದೆರಡು ವರ್ಷಗಳಲ್ಲಿ ಮಗುಚಬೇಕಿತ್ತು. ಹಾಗಾಗಲಿಲ್ಲ. 2017ರಲ್ಲಿ ಮೊದಲ ಎಪಿಕ್ ಬಂದರೂ ಎಎಂಡಿ ಮತ್ತೆ ಕಾಲು ಪಾಲು ಮುಟ್ಟಲು 2024 ಆಗಬೇಕಾಯಿತು. ಎರಡೂ ಎಕ್ಸ್86 ಆದರೂ ಸಣ್ಣ ಖರ್ಚುಗಳು ಉಳಿದೇ ಇದ್ದವು. ಒಂದು ಉದಾಹರಣೆ ಸಾಕು: ವಿಎಂವೇರ್ ಬಳಸುವ ಕಚೇರಿಯಲ್ಲಿ, ನಡೆಯುತ್ತಿರುವ ವರ್ಚುವಲ್ ಯಂತ್ರವನ್ನು ನಿಲ್ಲಿಸದೆ ಒಂದು ಇಂಟೆಲ್ ಸರ್ವರ್‌ನಿಂದ ಇನ್ನೊಂದು ಇಂಟೆಲ್ ಸರ್ವರ್‌ಗೆ ಸರಿಸಬಹುದು, ಎಎಂಡಿಗೆ ಸರಿಸಲಾಗದು, ಒಮ್ಮೆ ನಿಲ್ಲಿಸಲೇಬೇಕು. ಹಗಲು ರಾತ್ರಿ ನಡೆಯುವ ವ್ಯವಸ್ಥೆಗಳಿಗೆ ಆ ಒಂದು ನಿಲುಗಡೆಯೂ ದುಬಾರಿ. ಆದ್ದರಿಂದ ಎಪಿಕ್ ಮೊದಲು ಬೇರೂರಿದ್ದು ಕಂಪನಿಗಳ ಸ್ವಂತ ಸರ್ವರ್ ಕೋಣೆಗಳಿಗಿಂತ ಹೆಚ್ಚಾಗಿ ಮೈಕ್ರೋಸಾಫ್ಟ್, ಅಮೆಜಾನ್‌ಗಳ ಕ್ಲೌಡ್‌ನಲ್ಲಿ. ಅಲ್ಲಿ ಆ ತೊಡಕನ್ನು ಬಿಡಿಸುವ ಹೊಣೆ ಕ್ಲೌಡ್ ನಡೆಸುವವರದು.

ಆದೇಶಗಳ ಕಟ್ಟು ಬದಲಿಸುವುದು ಅಷ್ಟು ದುಬಾರಿಯಾಗಿದ್ದರೆ, ಎಕ್ಸ್86ಕ್ಕಿಂತ ಬೇರೆಯದೇ ಕಟ್ಟಿನ ಆರ್ಮ್ ಚಿಪ್‌ಗಳು ಈಗ ಸರ್ವರ್‌ಗಳಿಗೆ ಹೇಗೆ ನುಗ್ಗಿದವು ಎಂಬುದು ಕೊನೆಯ ಆಕ್ಷೇಪ. ಆರ್ಮ್‌ನ ಚರಿತ್ರೆಯೇ ಇದಕ್ಕೆ ಉತ್ತರ ಕೊಡುತ್ತದೆ. ಕಡಿಮೆ ವಿದ್ಯುತ್ತಿನ ಸರ್ವರ್ ಮಾರಹೊರಟ ಕ್ಯಾಲ್‌ಕ್ಸೆಡಾ 2013ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಎಎಂಡಿಯೇ ತಂದ ಆರ್ಮ್ ಆಪ್ಟೆರಾನ್ ಸದ್ದಿಲ್ಲದೆ ಮರೆಯಾಯಿತು. ಕ್ವಾಲ್‌ಕಾಮ್ 2017ರ ನವೆಂಬರ್‌ನಲ್ಲಿ ತಂದ ಸೆಂಟ್ರಿಕ್ ವರ್ಷ ಕಳೆಯುವುದರೊಳಗೆ ಕೈಬಿಟ್ಟುಹೋಯಿತು. ಇವರೆಲ್ಲ ಚಿಪ್ ಮಾಡಿ, ತಂತ್ರಾಂಶ ಬದಲಿಸುವ ಖರ್ಚನ್ನು ಕೊಳ್ಳುವವನಿಗೆ ಬಿಟ್ಟವರು. 2015ರಲ್ಲಿ ಇಸ್ರೇಲಿನ ಅನ್ನಪೂರ್ಣ ಲ್ಯಾಬ್ಸ್ ಕೊಂಡು, 2018ರಲ್ಲಿ ಗ್ರಾವಿಟಾನ್ ತಂದ ಅಮೆಜಾನ್‌ನ ಲೆಕ್ಕ ಬೇರೆ. ಚಿಪ್, ಸರ್ವರ್, ಆಪರೇಟಿಂಗ್ ಸಿಸ್ಟಮ್, ಮೇಲಿನ ಡೇಟಾಬೇಸ್ ಸೇವೆ ಎಲ್ಲ ಅದರದೇ. ತನ್ನ ಸೇವೆಗಳನ್ನು ಒಮ್ಮೆ ಹೊಸ ಚಿಪ್‌ಗೆ ಸಿದ್ಧಪಡಿಸಿದರೆ ಅದರ ಲಾಭ ಲಕ್ಷಾಂತರ ಸರ್ವರ್‌ಗಳಲ್ಲಿ ಮರಳಿ ಬರುತ್ತದೆ. ಆ ಹೊತ್ತಿಗೆ ಲಿನಕ್ಸ್, ಜಾವಾ, ಪೈಥಾನ್‌ಗಳ ಮೇಲೆ ಕಟ್ಟಿದ ತಂತ್ರಾಂಶವೇ ಹೆಚ್ಚಾಗಿ, ಬಾಡಿಗೆದಾರನ ಪಾಲಿನ ಖರ್ಚೂ ಇಳಿದಿತ್ತು. ಮೈಕ್ರೋಸಾಫ್ಟ್ 2023ರಲ್ಲಿ ಕೊಬಾಲ್ಟ್, ಗೂಗಲ್ 2024ರಲ್ಲಿ ಆಕ್ಸಿಯಾನ್ ಘೋಷಿಸಿ ಅದೇ ಹಾದಿ ಹಿಡಿದವು. ಒಂದೇ ಆರ್ಮ್, ಖರ್ಚು ಹೊರುವವರು ಬದಲಾದ ಕೂಡಲೇ ಗೆದ್ದಿತು.

ಇದನ್ನು ಎಕ್ಸ್86ರ ಎರಡೂ ಮನೆಗಳು ಅರ್ಥಮಾಡಿಕೊಂಡಿವೆ ಎಂಬುದಕ್ಕೆ 2024ರ ಅಕ್ಟೋಬರ್‌ನ ಒಂದು ಪ್ರಕಟಣೆ ಸಾಕ್ಷಿ. ನಾಲ್ಕು ದಶಕ ಕೋರ್ಟಿನಲ್ಲೂ ಮಾರುಕಟ್ಟೆಯಲ್ಲೂ ಬಡಿದಾಡಿದ ಇಂಟೆಲ್, ಎಎಂಡಿ ಒಂದಾಗಿ ಎಕ್ಸ್86 ಸಲಹಾ ಕೂಟವೊಂದನ್ನು ರಚಿಸಿದವು. ಹೊಸ ಆದೇಶಗಳನ್ನು ಇಬ್ಬರೂ ಒಂದೇ ರೀತಿ ಅಳವಡಿಸಿ, ತಂತ್ರಾಂಶ ಬರೆಯುವವರಿಗೆ ಎರಡರ ನಡುವೆ ವ್ಯತ್ಯಾಸ ಕಾಣದಂತೆ ಮಾಡುವುದು ಅದರ ಉದ್ದೇಶ. ಒಬ್ಬರ ಗ್ರಾಹಕ ಇನ್ನೊಬ್ಬರಲ್ಲಿಗೆ ಸುಲಭವಾಗಿ ಹೋಗಲಿ, ಇಬ್ಬರನ್ನೂ ಬಿಟ್ಟು ಮೂರನೆಯವರ ಬಳಿ ಹೋಗದಿರಲಿ ಎಂಬುದೇ ಇದರ ತಿರುಳು. ಅದೇ ವರ್ಷದ ಮೂರನೆಯ ತ್ರೈಮಾಸಿಕದಲ್ಲಿ ಎಎಂಡಿಯ ಡೇಟಾ ಸೆಂಟರ್ ವಿಭಾಗದ ವರಮಾನ ಇಂಟೆಲ್‌ನ ಅದೇ ವಿಭಾಗವನ್ನು ಮೊದಲ ಬಾರಿಗೆ ಹಿಂದಿಕ್ಕಿತ್ತು. ಅದರಲ್ಲಿ ಎಐಗೆ ಮಾರಿದ ಚಿಪ್‌ಗಳ ಪಾಲೂ ದೊಡ್ಡದಿತ್ತು. ಗೆಲುವಿನ ಹೊತ್ತಲ್ಲೇ ಗೆದ್ದವನು ಸೋತವನ ಕೈಹಿಡಿದ ಎಂದರೆ ಇಬ್ಬರಿಗೂ ಕಂಡ ಅಪಾಯ ಒಂದೇ. ಎಕ್ಸ್86ರ ಬಲ ಎಂದೂ ಅದರ ಆದೇಶಗಳ ಸೊಗಸಿನಲ್ಲಿರಲಿಲ್ಲ. ಅದನ್ನು ಬಿಟ್ಟುಹೋಗುವ ಖರ್ಚನ್ನು ಹೊರಲು ಯಾರೂ ಮುಂದೆ ಬರದಿದ್ದುದರಲ್ಲಿತ್ತು. ಈಗ ಆ ಖರ್ಚು ಹೊರುವವರು ಸಿಕ್ಕಿದ್ದಾರೆ, ಮತ್ತು ಅವರು ಈ ಇಬ್ಬರ ಅತಿ ದೊಡ್ಡ ಗ್ರಾಹಕರೇ ಆಗಿದ್ದಾರೆ.